ಗೆಲ್ಲಲಾಗದ ಆಟದ ನಿಯಮಗಳು: ವಿಜ್ನಾ ರಕ್ಷಣೆ ಮತ್ತು ಮೇಜಿನ ಮೇಲಿನ ಯುದ್ಧಕ್ರೀಡೆ

ಆಟವೆಂದೊಡನೆ ಎರಡೂ ಪಕ್ಷಗಳಿಗೆ ಗೆಲ್ಲುವ ಸಮಾನ ಅವಕಾಶವಿರುವ ಸ್ಪರ್ಧೆಯ ಕಲ್ಪನೆ ಮೂಡುವುದು ಸಹಜ. ಚದುರಂಗದ ಹಾಸಿನ ಮೇಲೆ ಬಿಳಿಯ ಕಾಯಿಗಳಿಗೂ ಕರಿಯ ಕಾಯಿಗಳಿಗೂ ಎಣಿಕೆಯಲ್ಲಿ ವ್ಯತ್ಯಾಸವಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಕಲ್ಲುಹಾಸಿನ ಮೇಲೆ ಗೆರೆ ಎಳೆದು ಆಡುತ್ತ ಬಂದಿರುವ ಆಡು-ಹುಲಿ ಆಟದಲ್ಲಿ ಕಾಯಿಗಳ ಸಂಖ್ಯೆ ಅಸಮಾನವಾಗಿದ್ದರೂ ಅವಕಾಶ ಅಸಮಾನವಲ್ಲ. ಹುಲಿಗೆ ಹಾರಿ ಕಡಿಯುವ ಶಕ್ತಿಯಿದ್ದರೆ, ಆಡುಗಳಿಗೆ ಒಟ್ಟುಗೂಡಿ ಹುಲಿಯನ್ನು ಕಟ್ಟಿಹಾಕುವ ಶಕ್ತಿಯಿದೆ. ಇತಿಹಾಸದ ಯುದ್ಧಗಳು ಈ ನ್ಯಾಯವನ್ನು ಪಾಲಿಸುವುದಿಲ್ಲ. ಮೊದಲ ಗುಂಡು ಹಾರುವ ಮುನ್ನವೇ ಒಂದು ಪಕ್ಷದ ಸೋಲು ಬಹುಮಟ್ಟಿಗೆ ನಿಶ್ಚಿತವಾಗಿರುವ ಪ್ರಸಂಗಗಳು ಅಲ್ಲಿ ಹೇರಳವಾಗಿವೆ. ಗಡಿಯನ್ನು ಕಾಯಲು ಕಟ್ಟಿದ, ಇನ್ನೂ ಪೂರ್ಣಗೊಳ್ಳದ ಕಾವಲು ನೆಲೆಗಳಲ್ಲಿ ನಿಂತು ಸಣ್ಣ ಪಡೆಯೊಂದು ಬೃಹತ್ ಆಕ್ರಮಣವನ್ನು ಎದುರಿಸುವ ಸಂದರ್ಭ ಅಂಥವುಗಳಲ್ಲಿ ಒಂದು.

ಇಂತಹ ಘಟನೆಯನ್ನು ಆಟವಾಗಿಸುವುದು ಹೇಗೆ? ರಕ್ಷಕ ಪಕ್ಷದ ಆಟಗಾರನು ಸೋಲುವುದು ಖಚಿತವಾದಲ್ಲಿ ಅವನು ಆಡುವುದಾದರೂ ಏಕೆ? ಮೇಜಿನ ಮೇಲಿನ ಯುದ್ಧಕ್ರೀಡೆಗಳನ್ನು ರಚಿಸುವವರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರಗಳು ಆಟದ ತಂತ್ರಕ್ಕೆ ಮಾತ್ರ ಸಂಬಂಧಿಸಿದವಲ್ಲ. ‘ಗೆಲುವು’ ಎಂಬ ಪದದ ಅರ್ಥವನ್ನೇ ಅವು ಮರುನಿರೂಪಿಸುತ್ತವೆ. ನಿಯಮಪುಸ್ತಿಕೆಯೂ ಒಂದು ಕಥನ; ಅದು ಯಾವುದನ್ನು ಎಣಿಸುತ್ತದೆ, ಯಾವುದನ್ನು ಎಣಿಸದೆ ಬಿಡುತ್ತದೆ ಎಂಬುದರಲ್ಲಿ ಅದರ ಇತಿಹಾಸದೃಷ್ಟಿ ಅಡಗಿರುತ್ತದೆ. 1939ರ ಸೆಪ್ಟೆಂಬರ್ ತಿಂಗಳಲ್ಲಿ ಪೋಲೆಂಡಿನ ವಿಜ್ನಾ ಎಂಬಲ್ಲಿ ನಡೆದ ರಕ್ಷಣಾ ಕದನವನ್ನು ಎದುರಿಗಿಟ್ಟುಕೊಂಡು, ನಿಯಮಗಳ ಈ ಕಥನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಅರಸನಿಂದ ಕೋಟೆಗೆ

ಯುದ್ಧಕ್ರೀಡೆಯ ಚರಿತ್ರೆಯನ್ನು ಚದುರಂಗದಿಂದಲೇ ಆರಂಭಿಸಬೇಕಾಗುತ್ತದೆ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯೇ ಆಟದ ಹೆಸರಾಗಿ ನಿಂತಿದೆ. ಭಾರತದಿಂದ ಪರ್ಷಿಯಾಕ್ಕೂ ಅರಬ್ಬರ ಮೂಲಕ ಯುರೋಪಿಗೂ ಪಯಣಿಸಿದ ಈ ಆಟ ಕನ್ನಡ ನಾಡಿನ ಅರಮನೆಗೂ ಪರಿಚಿತವಾಗಿತ್ತು. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ವಿನೋದಗಳ ಸಾಲಿನಲ್ಲಿ ಚದುರಂಗವನ್ನು ವಿವರಿಸುತ್ತದೆ. ಅದೇ ಕೃತಿ ರಾಜ್ಯಾಂಗಗಳನ್ನು ಕುರಿತು ಹೇಳುವಾಗ ದುರ್ಗಗಳ ಪ್ರಕಾರಗಳನ್ನು ಪ್ರತ್ಯೇಕವಾಗಿ ನಿರೂಪಿಸುತ್ತದೆ. ಆಟ ಒಂದೆಡೆ, ಕೋಟೆ ಇನ್ನೊಂದೆಡೆ. ಎರಡೂ ಒಂದೇ ಹಾಸಿನ ಮೇಲೆ ಸೇರಲು ಬಹುಕಾಲ ಬೇಕಾಯಿತು.

ಆ ಕೆಲಸವನ್ನು ಮಾಡಿದವರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಯೋಹಾನ್ ಕ್ರಿಸ್ಟಿಯನ್ ಲುಡ್‌ವಿಗ್ ಹೆಲ್‌ವಿಗ್ ಪ್ರಮುಖನು. ಆತನು 1780ರಲ್ಲಿ ಪ್ರಕಟಿಸಿದ ಆಟ ಚದುರಂಗದ ವಿಸ್ತರಣೆಯೇ ಆಗಿದ್ದರೂ ಅದರ ಹಾಸಿನಲ್ಲಿ 64 ಮನೆಗಳ ಬದಲು 1,617 ಮನೆಗಳಿದ್ದವು. ಬೆಟ್ಟ, ನೀರು, ಜೌಗುಗಳನ್ನು ಸೂಚಿಸಲು ಮನೆಗಳಿಗೆ ಬೇರೆ ಬೇರೆ ಬಣ್ಣಗಳಿದ್ದವು. ಇದಕ್ಕಿಂತಲೂ ಗಮನಾರ್ಹವಾದ ಬದಲಾವಣೆ ಆಟದ ಗುರಿಯಲ್ಲಿತ್ತು. ಎದುರಾಳಿಯ ಅರಸನನ್ನು ಕಟ್ಟಿಹಾಕುವುದರ ಬದಲಿಗೆ ಎದುರಾಳಿಯ ಕೋಟೆಯನ್ನು ವಶಪಡಿಸಿಕೊಳ್ಳುವುದು ಗೆಲುವೆಂದಾಯಿತು. ಅಲ್ಲಿಂದ ಮುಂದೆ ಆಟದ ಕೇಂದ್ರ ವ್ಯಕ್ತಿಯಲ್ಲ, ನೆಲ.

ಪ್ರಶ್ಯದ ರೈಸ್‌ವಿಟ್ಸ್ ಮನೆತನದ ತಂದೆ ಮಕ್ಕಳು ಈ ದಾರಿಯನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ತಂದೆ 1812ರಲ್ಲಿ ಪ್ರಶ್ಯದ ದೊರೆಗೆ ತನ್ನ ಆಟದ ಮೇಜನ್ನು ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಮಗ 1824ರಲ್ಲಿ ಪರಿಷ್ಕೃತ ನಿಯಮಗಳನ್ನು ಪ್ರಕಟಿಸಿದನು. ಚೌಕದ ಮನೆಗಳು ಮರೆಯಾಗಿ ನಿಜವಾದ ನೆಲದ ನಕ್ಷೆ ಬಂದಿತು. ಒಂದೊಂದು ಸರದಿಯೂ ಕದನದ ಎರಡು ನಿಮಿಷಗಳಿಗೆ ಸಮವೆಂದು ಗೊತ್ತುಮಾಡಲಾಯಿತು. ಗುಂಡಿನ ಪರಿಣಾಮವನ್ನು ನಿರ್ಧರಿಸಲು ದಾಳ, ಎರಡೂ ಪಕ್ಷಗಳ ಆದೇಶಗಳನ್ನು ಗುಟ್ಟಾಗಿ ಪಡೆದು ನಡೆಸುವ ತೀರ್ಪುಗಾರ, ಎದುರಾಳಿಯ ಪಡೆಯು ಕಣ್ಣಿಗೆ ಬೀಳುವವರೆಗೆ ನಕ್ಷೆಯ ಮೇಲೆ ಅದನ್ನು ಇಡದಿರುವ ಪದ್ಧತಿ, ಇವೆಲ್ಲವೂ ಈ ಆಟದಿಂದ ಬೆಳೆದು ಬಂದವು. ಪ್ರಶ್ಯದ ಸೇನೆ ಇದನ್ನು ತರಬೇತಿಯ ಸಾಧನವಾಗಿ ಅಂಗೀಕರಿಸಿತು.

20ನೆಯ ಶತಮಾನದಲ್ಲಿ ಯುದ್ಧಕ್ರೀಡೆ ಸೇನೆಯ ಕೊಠಡಿಯಿಂದ ಮನೆಯ ಮೇಜಿಗೆ ಇಳಿಯಿತು. ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1913ರಲ್ಲಿ ಪ್ರಕಟಿಸಿದ ‘ಲಿಟಲ್ ವಾರ್ಸ್’ ಆಟಿಕೆ ಸೈನಿಕರನ್ನು ಬಳಸಿ ಆಡುವ ಕ್ರಮವನ್ನು ವಿವರಿಸಿತು. ಅಮೆರಿಕೆಯ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ಹೊರತಂದ ‘ಟ್ಯಾಕ್ಟಿಕ್ಸ್’, ಆತನ ಅವಲಾನ್ ಹಿಲ್ ಸಂಸ್ಥೆ 1958ರಲ್ಲಿ ಪ್ರಕಟಿಸಿದ ‘ಗೆಟಿಸ್‌ಬರ್ಗ್’ ಮೊದಲಾದವು ಅಚ್ಚಾದ ನಕ್ಷೆ ಮತ್ತು ರಟ್ಟಿನ ಬಿಲ್ಲೆಗಳ ಆಟವನ್ನು ಜನಪ್ರಿಯಗೊಳಿಸಿದವು. ಸ್ವಲ್ಪ ಕಾಲದಲ್ಲೇ ಆರು ಮೂಲೆಯ ಮನೆಗಳ ನಕ್ಷೆ ಈ ಪ್ರಕಾರದ ಗುರುತಾಯಿತು. ಹೀಗೆ ಗೊಂಬೆಗಳ ಆಟ ಮತ್ತು ಬಿಲ್ಲೆಗಳ ಆಟ ಎಂಬ ಎರಡು ಕವಲುಗಳು ಇಂದಿಗೂ ಉಳಿದು ಬಂದಿವೆ.

2. ವಿಜ್ನಾ: ಘಟನೆಯ ಸ್ವರೂಪ

ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿದ್ದು 1939ರ ಸೆಪ್ಟೆಂಬರ್ 1ರಂದು. ಪೋಲೆಂಡಿನ ಉತ್ತರದಲ್ಲಿದ್ದ ಪೂರ್ವ ಪ್ರಶ್ಯ ಆಗ ಜರ್ಮನಿಯ ಭಾಗವಾಗಿದ್ದುದರಿಂದ ಆ ದಿಕ್ಕಿನಿಂದಲೂ ದಾಳಿ ನಿರೀಕ್ಷಿತವಾಗಿತ್ತು. ಆ ಗಡಿಯ ದಕ್ಷಿಣಕ್ಕೆ ನಾರೆವ್ ಮತ್ತು ಬ್ಯೆಬ್ಜಾ ನದಿಗಳು ಕೂಡುವೆಡೆಯ ಹತ್ತಿರ ವಿಜ್ನಾ ಊರಿದೆ. ಸುತ್ತಲಿನ ನೆಲ ಬಹುಮಟ್ಟಿಗೆ ಜೌಗು. ನದಿಯನ್ನು ದಾಟುವ ಸೇತುವೆಯೂ ದಿಬ್ಬಗಳ ನಡುವೆ ಸಾಗುವ ರಸ್ತೆಯೂ ಈ ಸ್ಥಳಕ್ಕೆ ಮಹತ್ವ ತಂದಿದ್ದವು. ಇಲ್ಲಿ ಸುಮಾರು ಒಂಬತ್ತು ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟಿನ ಬಂಕರುಗಳ ಸಾಲನ್ನು ಕಟ್ಟಲು ತೊಡಗಿದ್ದು 1939ರ ಬೇಸಿಗೆಯಲ್ಲಿ. ಯುದ್ಧ ಆರಂಭವಾದಾಗ ಅವುಗಳಲ್ಲಿ ಕೆಲವು ಇನ್ನೂ ಅಪೂರ್ಣವಾಗಿಯೇ ಇದ್ದವು.

ಈ ನೆಲೆಯ ಹೊಣೆ ಹೊತ್ತಿದ್ದವನು ಗಡಿರಕ್ಷಣಾ ದಳದ ಕ್ಯಾಪ್ಟನ್ ವ್ಲಾದಿಸ್ವಾಫ್ ರಗಿನಿಸ್. ಅವನ ವಯಸ್ಸು ಆಗ 31. ಅವನ ಆಜ್ಞಾಕೇಂದ್ರ ಗೂರಾ ಸ್ತ್ರೆಂಕೋವಾ ದಿಬ್ಬದ ಬಂಕರಿನಲ್ಲಿತ್ತು. ಕೈಯಲ್ಲಿ ಕೆಲವು ಫಿರಂಗಿಗಳು, ಮೆಷಿನ್ ಗನ್‌ಗಳು, ಬೆರಳೆಣಿಕೆಯ ಟ್ಯಾಂಕ್ ನಿರೋಧಕ ಬಂದೂಕುಗಳು ಇದ್ದವು. ಎದುರಿಗೆ ಬಂದದ್ದು ಜನರಲ್ ಹೈನ್ಸ್ ಗುಡೇರಿಯನ್‌ನ 19ನೆಯ ಸೇನಾ ಕೋರ್. ಸೆಪ್ಟೆಂಬರ್ 7ರಂದು ಜರ್ಮನ್ ಬೇಹುಪಡೆಗಳು ವಿಜ್ನಾ ಊರನ್ನು ಹಿಡಿದವು. ಪೋಲಿಷ್ ಸೈನಿಕರು ನಾರೆವ್ ಸೇತುವೆಯನ್ನು ಸ್ಫೋಟಿಸಿ ಹಿಂದೆ ಸರಿದರು. ನಿರ್ಣಾಯಕ ಹೋರಾಟ 9 ಮತ್ತು 10ರಂದು ನಡೆಯಿತು. ಬಂಕರುಗಳು ಒಂದರಿಂದೊಂದು ದೂರವಿದ್ದುದರಿಂದ ಅವನ್ನು ಬೇರ್ಪಡಿಸಿ, ಟ್ಯಾಂಕುಗಳ ನೆರವಿನಿಂದ ಸಮೀಪಿಸಿ, ಸ್ಫೋಟಕಗಳನ್ನಿಟ್ಟು ಒಂದೊಂದಾಗಿ ಮೌನಗೊಳಿಸಲಾಯಿತು. ಫಿರಂಗಿಗಳ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಸ್ತಾನಿಸ್ವಾಫ್ ಬ್ರಿಕಾಲ್ಸ್ಕಿ ಹೋರಾಟದಲ್ಲಿ ಮಡಿದನು. 10ರಂದು, ಪ್ರತಿರೋಧ ಮುಂದುವರಿಸುವುದು ಅಸಾಧ್ಯವಾದಾಗ, ರಗಿನಿಸ್ ತನ್ನೊಡನೆ ಉಳಿದಿದ್ದ ಸೈನಿಕರನ್ನು ಹೊರಗೆ ಕಳುಹಿಸಿ ಕೈಬಾಂಬಿನಿಂದ ಪ್ರಾಣ ಬಿಟ್ಟನು.

ನೆಲೆಯನ್ನು ಜೀವಂತವಾಗಿ ಬಿಟ್ಟು ಹೋಗುವುದಿಲ್ಲವೆಂದು ಇವರಿಬ್ಬರೂ ಪ್ರತಿಜ್ಞೆ ಮಾಡಿದ್ದರೆಂಬ ನೆನಪು ಪೋಲೆಂಡಿನಲ್ಲಿ ಬಲವಾಗಿ ಬೇರೂರಿದೆ. ಪ್ರಾಚೀನ ಗ್ರೀಸಿನ ಥರ್ಮಾಪಿಲೆ ಕಣಿವೆಯ ರಕ್ಷಣೆಗೆ ಹೋಲಿಸಿ ಇದನ್ನು ‘ಪೋಲಿಷ್ ಥರ್ಮಾಪಿಲೆ’ ಎಂದು ಕರೆಯುವುದುಂಟು. 2011ರಲ್ಲಿ ಇಬ್ಬರ ಅವಶೇಷಗಳನ್ನು ಪತ್ತೆಹಚ್ಚಿ ಗೂರಾ ಸ್ತ್ರೆಂಕೋವಾದಲ್ಲೇ ಸೇನಾಗೌರವದೊಂದಿಗೆ ಮರುಸಮಾಧಿ ಮಾಡಲಾಯಿತು.

3. ಅಂಕಿಯ ಆಕರ್ಷಣೆ

ವಿಜ್ನಾ ಎಂದೊಡನೆ ಮೊದಲು ಕೇಳಿಬರುವುದು ಒಂದು ಅನುಪಾತ. ಸುಮಾರು 720 ರಕ್ಷಕರ ಎದುರು 42,000ಕ್ಕೂ ಹೆಚ್ಚು ಆಕ್ರಮಣಕಾರರು ಎಂಬ ಲೆಕ್ಕ ವ್ಯಾಪಕವಾಗಿ ಉಲ್ಲೇಖಗೊಂಡಿದೆ. ಸ್ವೀಡನ್ನಿನ ಸಬಾಟನ್ ಎಂಬ ವಾದ್ಯತಂಡ 2008ರಲ್ಲಿ ಈ ಕದನವನ್ನು ಕುರಿತು ಹೊರತಂದ ಹಾಡಿನ ಶೀರ್ಷಿಕೆಯೇ ‘40:1’. ಗಮನವಿಟ್ಟು ಭಾಗಿಸಿದರೆ 42,000ಕ್ಕೂ 720ಕ್ಕೂ ಇರುವ ಅನುಪಾತ 58:1ರಷ್ಟಾಗುತ್ತದೆ; ರಕ್ಷಕರ ಸಂಖ್ಯೆಯನ್ನು 350ರವರೆಗೆ ಇಳಿಸುವ ಅಂದಾಜುಗಳೂ ಇವೆ. ಇನ್ನೊಂದೆಡೆ, 42,000 ಎಂಬುದು ಇಡೀ ಕೋರ್‌ನ ಬಲವೇ ಹೊರತು ಬಂಕರುಗಳ ಮೇಲೆ ಏಕಕಾಲಕ್ಕೆ ಎರಗಿದವರ ಎಣಿಕೆಯಲ್ಲ. ಅಂಕಿಯು ಇಲ್ಲಿ ಅಳತೆಗಿಂತ ಹೆಚ್ಚಾಗಿ ಅಲಂಕಾರದ ಕೆಲಸ ಮಾಡುತ್ತದೆ.

ಯುದ್ಧಕ್ರೀಡೆಯ ರಚನಕಾರನಿಗೆ ಈ ಅಲಂಕಾರದ ಸೌಲಭ್ಯವಿಲ್ಲ. ಪ್ರತಿಯೊಂದು ಬಿಲ್ಲೆಯ ಮೇಲೂ ಅವನು ಒಂದು ಸಂಖ್ಯೆಯನ್ನು ಅಚ್ಚು ಹಾಕಿಸಲೇಬೇಕು. ಬಿಲ್ಲೆಗಳ ಆಟಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಕದನದ ಫಲಿತಾಂಶಪಟ್ಟಿ. ದಾಳಿ ಮಾಡುವ ಬಿಲ್ಲೆಗಳ ಒಟ್ಟು ಬಲವನ್ನು ರಕ್ಷಕ ಬಿಲ್ಲೆಯ ಬಲದಿಂದ ಭಾಗಿಸಿ, ಬಂದ ಅನುಪಾತದ ಅಂಕಣದಲ್ಲಿ ದಾಳದ ಸಂಖ್ಯೆಗೆ ಎದುರಾಗಿರುವ ಫಲಿತಾಂಶವನ್ನು ನೋಡಲಾಗುತ್ತದೆ. ಉದಾಹರಣೆಗೆ, ದಾಳಿಯ ಬಲ 12, ರಕ್ಷಣೆಯ ಬಲ 4 ಎಂದಾದರೆ ಅನುಪಾತ 3:1. ದಾಳ ಬಿದ್ದ ರೀತಿಯನ್ನನುಸರಿಸಿ ರಕ್ಷಕನು ಹಿಮ್ಮೆಟ್ಟಬಹುದು, ನಾಶವಾಗಬಹುದು, ಅಥವಾ ದಾಳಿಕಾರನೇ ಹಿಂದೆ ಸರಿಯಬೇಕಾಗಬಹುದು. ಇಂಥ ಹಲವು ಪಟ್ಟಿಗಳು ಆರೇಳು ಪಟ್ಟು ಬಲದ ಆಚೆಗೆ ವಿಸ್ತರಿಸುವುದೇ ಇಲ್ಲ. ಅಲ್ಲಿಗೆ ರಕ್ಷಕನ ನಾಶವನ್ನು ದಾಳವಿಲ್ಲದೆಯೇ ಒಪ್ಪಲಾಗುತ್ತದೆ. ವಿಜ್ನಾದ ಜನಪ್ರಿಯ ಅನುಪಾತವನ್ನು ಯಥಾವತ್ತಾಗಿ ಪಟ್ಟಿಗೆ ಒಯ್ದರೆ ಮೊದಲ ಸರದಿಯಲ್ಲೇ ಆಟ ಮುಗಿದುಹೋಗುತ್ತದೆ. ನಿಜವಾದ ಕದನ ಹಾಗೆ ಮುಗಿಯಲಿಲ್ಲ.

ಏಕೆ ಮುಗಿಯಲಿಲ್ಲವೆಂಬುದನ್ನು ನಕ್ಷೆ ವಿವರಿಸುತ್ತದೆ. ಒಂದು ಮನೆಯಲ್ಲಿ ಇಂತಿಷ್ಟೇ ಬಿಲ್ಲೆಗಳನ್ನು ಇಡಬಹುದೆಂಬ ಮಿತಿ ಬಹುತೇಕ ಆಟಗಳಲ್ಲಿರುತ್ತದೆ. ಜೌಗಿನ ಮನೆಗೆ ಟ್ಯಾಂಕು ಹೋಗಲಾರದು. ನದಿಯ ಅಂಚನ್ನು ದಾಟಿ ಮಾಡುವ ದಾಳಿಯ ಬಲ ಅರ್ಧಕ್ಕಿಳಿಯುತ್ತದೆ. ಬಂಕರಿನೊಳಗಿನ ಬಿಲ್ಲೆಯ ಬಲ ಇಮ್ಮಡಿ ಮುಮ್ಮಡಿಯಾಗುತ್ತದೆ. ಹೀಗಾಗಿ ಸಾವಿರಾರು ಸೈನಿಕರು ರಸ್ತೆಯ ಮೇಲೆ ಸಾಲುಗಟ್ಟಿ ಕಾಯುವಾಗ ಮುಂಚೂಣಿಯಲ್ಲಿ ಹೋರಾಡುವವರು ಕೆಲವೇ ಮಂದಿಯಾಗಿರುತ್ತಾರೆ. ಹಾಡಿನಲ್ಲಿರುವ ದೊಡ್ಡ ಅನುಪಾತಕ್ಕಿಂತ ನಕ್ಷೆ ತೋರಿಸುವ ಸಣ್ಣ ಅನುಪಾತವೇ ಘಟನೆಗೆ ಹತ್ತಿರವಾದುದು. ಇದರಿಂದ ರಕ್ಷಕರ ಸಾಹಸ ಕುಗ್ಗುವುದಿಲ್ಲ. ಬದಲಿಗೆ, ಆ ಸಾಹಸ ಯಾವ ಆಧಾರದ ಮೇಲೆ ನಿಂತಿತ್ತೆಂಬುದು ಸ್ಪಷ್ಟವಾಗುತ್ತದೆ. ಯುದ್ಧಕ್ರೀಡೆ ಚರಿತ್ರೆಗೆ ಸಲ್ಲಿಸಬಹುದಾದ ಮೊದಲ ಸೇವೆ ಇದು.

4. ಎದುರಾಳಿಯ ಗೊಂದಲ

ವಿಳಂಬಕ್ಕೆ ಇನ್ನೊಂದು ಕಾರಣವೂ ಉಂಟು. ಯುದ್ಧಾನಂತರ ಬರೆದ ಆತ್ಮಕಥನದಲ್ಲಿ ಗುಡೇರಿಯನ್ ವಿಜ್ನಾದ ವಿಳಂಬದ ಹೊಣೆಯನ್ನು ತನ್ನ ಅಧೀನ ಪಡೆಗಳ ಅವ್ಯವಸ್ಥೆಯ ಮೇಲೆ ಹೊರಿಸುತ್ತಾನೆ. ನದಿಯಾಚೆಯ ಬಂಕರುಗಳು ಕೈವಶವಾದವೆಂದು ಬಂದಿದ್ದ ವರದಿ ಸುಳ್ಳಾಗಿತ್ತು. ಅವನು ಸ್ವತಃ ಸ್ಥಳಕ್ಕೆ ಹೋದಾಗ ಪದಾತಿಗಳು ದಾಳಿಯಲ್ಲಿ ತೊಡಗಿರಲಿಲ್ಲ. ಟ್ಯಾಂಕುಗಳು ಇನ್ನೂ ಈಚೆಯ ದಂಡೆಯಲ್ಲೇ ಉಳಿದಿದ್ದವು. ಟ್ಯಾಂಕುಗಳಿಗೆಂದು ಸಿದ್ಧವಾಗಿದ್ದ ಸೇತುವೆಯನ್ನು ಇನ್ನೊಂದು ಡಿವಿಜನ್ನಿನ ಆದೇಶದ ಮೇರೆಗೆ ಬಿಚ್ಚಿ, ನದಿಯ ಕೆಳಪಾತ್ರದಲ್ಲಿ ಕಟ್ಟಲು ಸಾಗಿಸಲಾಗಿತ್ತು.

ಪೋಲಿಷ್ ಸ್ಮೃತಿಯಲ್ಲಿ ಈ ಗಂಟೆಗಳು ರಕ್ಷಕರ ಶೌರ್ಯದಿಂದ ದೊರೆತವು. ಜರ್ಮನ್ ಸೇನಾನಿಯ ನೆನಪಿನಲ್ಲಿ ಅವು ತನ್ನವರ ಎಡವಟ್ಟಿನಿಂದ ನಷ್ಟವಾದವು. ಎರಡೂ ಕಥನಗಳು ತಮ್ಮ ತಮ್ಮ ಪ್ರಯೋಜನಕ್ಕೆ ತಕ್ಕಂತೆ ರೂಪುಗೊಂಡಿವೆಯೆಂಬುದನ್ನು ಮರೆಯುವಂತಿಲ್ಲ. ಸೋತ ಪಕ್ಷಕ್ಕೆ ವೀರರು ಬೇಕಾಗಿದ್ದರೆ, ಸೇನಾನಿಗೆ ತನ್ನ ಯೋಜನೆ ದೋಷರಹಿತವಾಗಿತ್ತೆಂದು ತೋರಿಸುವುದು ಬೇಕಾಗಿತ್ತು.

ಆಟದ ರಚನಕಾರನು ಈ ಎರಡರ ನಡುವೆ ಆಯ್ಕೆ ಮಾಡಬೇಕಿಲ್ಲ. ಎರಡನ್ನೂ ನಿಯಮಗಳಲ್ಲಿ ಒಟ್ಟಿಗೆ ನೆಲೆಗೊಳಿಸಬಹುದು. ದಾಳಿಕಾರನ ಪ್ರತಿಯೊಂದು ಬಿಲ್ಲೆಯೂ ಪ್ರತಿ ಸರದಿಯಲ್ಲಿ ಚಲಿಸಿಯೇ ತೀರುತ್ತದೆಂಬ ಖಾತ್ರಿಯನ್ನು ತೆಗೆದುಹಾಕುವುದು ಇದಕ್ಕೆ ಇರುವ ಒಂದು ದಾರಿ. ಯಾವ ಪಡೆಗೆ ಆದೇಶ ತಲುಪಿತು, ಯಾವುದಕ್ಕೆ ತಲುಪಲಿಲ್ಲ ಎಂಬುದನ್ನು ಎಲೆಗಳಿಂದಲೋ ಚೀಲದೊಳಗಿನ ಬಿಲ್ಲೆಗಳಿಂದಲೋ ನಿರ್ಧರಿಸುವ ಪದ್ಧತಿ ಹಲವು ಆಟಗಳಲ್ಲಿ ರೂಢಿಯಲ್ಲಿದೆ. ಚೀಲದಿಂದ ತೆಗೆದ ಬಿಲ್ಲೆ ಸೇತುವೆ ಕಟ್ಟುವ ಪಡೆಯದ್ದಲ್ಲದಿದ್ದರೆ ಟ್ಯಾಂಕುಗಳು ದಂಡೆಯಲ್ಲೇ ನಿಲ್ಲುತ್ತವೆ. ರೈಸ್‌ವಿಟ್ಸ್‌ನ ತೀರ್ಪುಗಾರ ಮಾಡುತ್ತಿದ್ದುದೂ ಇಂಥದ್ದೇ ಕೆಲಸ. ಮೇಲಿನಿಂದ ಇಡೀ ನಕ್ಷೆಯನ್ನು ಕಾಣುವ ಆಟಗಾರನಿಗೆ, ಕಣದಲ್ಲಿದ್ದ ಸೇನಾನಿಗೆ ಕಾಣದಿದ್ದುದನ್ನು ಕಾಣದಂತೆ ಮಾಡುವುದು ಅದರ ಉದ್ದೇಶ.

5. ಕಾಲವೆಂಬ ಅಳತೆಗೋಲು

ಇಷ್ಟಾದರೂ ಮೂಲ ಪ್ರಶ್ನೆ ಉಳಿಯುತ್ತದೆ. ನಿಯಮಗಳು ಎಷ್ಟೇ ಸೂಕ್ಷ್ಮವಾಗಿರಲಿ, ಕೊನೆಗೆ ಬಂಕರುಗಳು ಬೀಳುತ್ತವೆ. ಹಾಗಾದರೆ ರಕ್ಷಕನು ಗೆಲ್ಲುವುದು ಹೇಗೆ? ಯುದ್ಧಕ್ರೀಡೆ ನೀಡಿರುವ ಪ್ರಧಾನ ಉತ್ತರ ಕಾಲ. ಫಲಿತಾಂಶವನ್ನು ಬದಲಾಯಿಸಲಾಗದಿದ್ದರೂ ಅದರ ಗಳಿಗೆಯನ್ನು ಮುಂದೂಡಬಹುದು. ಚರಿತ್ರೆಯಲ್ಲಿ ನೆಲೆಯು ಎಂಟನೆಯ ಸರದಿಯಲ್ಲಿ ಬಿದ್ದಿತೆಂದಿಟ್ಟುಕೊಂಡರೆ, ಆಟದಲ್ಲಿ ಅದು ಹತ್ತನೆಯ ಸರದಿಯವರೆಗೆ ನಿಂತಲ್ಲಿ ರಕ್ಷಕನೇ ಗೆದ್ದಂತೆ. ಕಣದಲ್ಲಿ ಸೋತವನು ಅಂಕಗಳಲ್ಲಿ ಗೆಲ್ಲುತ್ತಾನೆ. ಅಮೆರಿಕೆಯ ಎಸ್‌ಪಿಐ ಸಂಸ್ಥೆ ಟೆಕ್ಸಾಸಿನ ಅಲಾಮೋ ರಕ್ಷಣೆಯನ್ನು ಕುರಿತು 1981ರಲ್ಲಿ ಪ್ರಕಟಿಸಿದ ಆಟಕ್ಕೆ ‘ಸಾವಿನಲ್ಲಿ ಗೆಲುವು’ ಎಂಬರ್ಥದ ಉಪಶೀರ್ಷಿಕೆ ಇದ್ದುದು ಈ ದೃಷ್ಟಿಯಿಂದ ಅರ್ಥಪೂರ್ಣ.

ಈ ನಿಯಮಕ್ಕೆ ಚಾರಿತ್ರಿಕ ಆಧಾರವಿದೆ. ಗಡಿಕೋಟೆಗಳನ್ನು ಕಟ್ಟಿದ್ದು ಶತ್ರುವನ್ನು ಶಾಶ್ವತವಾಗಿ ತಡೆಯುವುದಕ್ಕಲ್ಲ. ಹಿಂದಿರುವ ಸೈನ್ಯ ಸಜ್ಜಾಗಲು, ಮಿತ್ರರು ನೆರವಿಗೆ ಬರಲು ಬೇಕಾದ ದಿನಗಳನ್ನು ಗಳಿಸಿಕೊಡುವುದು ಅವುಗಳ ಕೆಲಸ. ಪೋಲೆಂಡಿನ ರಕ್ಷಣಾ ಯೋಜನೆಯೂ ಫ್ರಾನ್ಸ್ ಮತ್ತು ಬ್ರಿಟನ್ನುಗಳ ನೆರವನ್ನು ನಂಬಿಕೊಂಡಿತ್ತು. ಆ ದೇಶಗಳು ಸೆಪ್ಟೆಂಬರ್ 3ರಂದು ಜರ್ಮನಿಯ ಮೇಲೆ ಯುದ್ಧ ಘೋಷಿಸಿದವು. ವಿಜ್ನಾ ಊರು ಜರ್ಮನ್ನರ ಕೈಸೇರಿದ ಸೆಪ್ಟೆಂಬರ್ 7ರಂದೇ ಫ್ರೆಂಚ್ ಪಡೆಗಳು ಪಶ್ಚಿಮದ ಸಾರ್ ಪ್ರದೇಶದಲ್ಲಿ ಗಡಿ ದಾಟಿದವಾದರೂ ಅದು ಸೀಮಿತ ಕಾರ್ಯಾಚರಣೆಯಾಗಿಯೇ ನಿಂತುಹೋಯಿತು. ಪೂರ್ವದಲ್ಲಿ ಗುಡೇರಿಯನ್‌ನ ಪಡೆಗಳು ಸೆಪ್ಟೆಂಬರ್ 14ರ ವೇಳೆಗೆ ಬ್ರೆಸ್ತ್ ತಲುಪಿದವು. 17ರಂದು ಸೋವಿಯತ್ ಒಕ್ಕೂಟದ ಸೇನೆ ಪೂರ್ವದ ಗಡಿಯಿಂದ ಒಳನುಗ್ಗಿತು. ವಿಜ್ನಾದಲ್ಲಿ ಗಳಿಸಿದ ಗಂಟೆಗಳನ್ನು ವ್ಯಯಿಸಲು ಬೇಕಾದ ಸಂದರ್ಭವೇ ಹೀಗೆ ಇಲ್ಲವಾಯಿತು.

ಇಲ್ಲಿ ಆಟದ ಒಂದು ಮೂಲಭೂತ ಮಿತಿ ಗೋಚರವಾಗುತ್ತದೆ. ಆಟಕ್ಕೆ ನಕ್ಷೆಯ ಅಂಚು ಎಂಬುದೊಂದಿರುತ್ತದೆ. ಕಾಲದ ಬೆಲೆ ನಿರ್ಧಾರವಾಗುವುದು ಮಾತ್ರ ಆ ಅಂಚಿನ ಆಚೆ. ಪ್ಯಾರಿಸ್ಸಿನಲ್ಲಿ, ಲಂಡನ್ನಿನಲ್ಲಿ, ಮಾಸ್ಕೋದಲ್ಲಿ ಆದ ತೀರ್ಮಾನಗಳು ಗೂರಾ ಸ್ತ್ರೆಂಕೋವಾದ ಒಂದು ಗಂಟೆಗೆ ಬೆಲೆ ಕಟ್ಟಿದವು. ಒಂದು ಸರದಿಗೆ ಇಷ್ಟು ಅಂಕವೆಂದು ಅಚ್ಚು ಹಾಕಿಸುವ ನಿಯಮಪುಸ್ತಿಕೆ ಈ ಅನಿಶ್ಚಿತತೆಯನ್ನು ಮರೆಮಾಚುತ್ತದೆ. ಬಂಕರಿನೊಳಗಿದ್ದವನಿಗೆ ತಾನು ಗಳಿಸುತ್ತಿರುವ ನಾಣ್ಯ ಚಲಾವಣೆಯಲ್ಲಿದೆಯೋ ಇಲ್ಲವೋ ಎಂಬುದು ತಿಳಿದಿರಲಿಲ್ಲ. ಆಟಗಾರನಿಗೆ ತಿಳಿದಿರುತ್ತದೆ.

6. ಎಣಿಸದೆ ಉಳಿದದ್ದು

ಕಾಲವನ್ನು ಮಾತ್ರ ಎಣಿಸುವ ನಿಯಮದಲ್ಲಿ ಇನ್ನೂ ಗಂಭೀರವಾದ ಕೊರತೆಯೊಂದಿದೆ. ಅಂತಹ ಆಟದಲ್ಲಿ ರಕ್ಷಕ ಪಕ್ಷದ ಆಟಗಾರನಿಗೆ ತನ್ನ ಬಿಲ್ಲೆಗಳನ್ನು ಉಳಿಸಿಕೊಳ್ಳಲು ಯಾವ ಕಾರಣವೂ ಇರುವುದಿಲ್ಲ. ಕೊನೆಯ ಬಿಲ್ಲೆಯನ್ನೂ ಬಲಿಗೊಟ್ಟು ಇನ್ನೊಂದು ಸರದಿಯನ್ನು ಗಳಿಸುವುದೇ ಅಲ್ಲಿ ಜಾಣತನ. ಸಾವಿಗೆ ಬೆಲೆಯಿಲ್ಲದಿರುವುದರಿಂದ ಅದು ಅಗ್ಗವಾಗುತ್ತದೆ. ‘ಕೊನೆಯ ಮನುಷ್ಯನವರೆಗೆ, ಕೊನೆಯ ಗುಂಡಿನವರೆಗೆ’ ಎಂಬ ಆಜ್ಞೆಯನ್ನು ಪಾಲಿಸುವುದು ರಟ್ಟಿನ ತುಂಡಿಗೆ ಕಷ್ಟವಲ್ಲ. ಅದಕ್ಕೆ ಮನೆಯಿಲ್ಲ, ಮಕ್ಕಳಿಲ್ಲ, ನಾಳೆಯಿಲ್ಲ.

ರಗಿನಿಸ್‌ನ ಕೊನೆಯ ನಡೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅವನ ಪ್ರತಿಜ್ಞೆಯನ್ನು ಕೊಂಡಾಡುವ ಕಥನಗಳು ಅವನ ಸಾವಿಗೆ ಒತ್ತು ಕೊಡುತ್ತವೆ. ಆದರೆ ಆ ಸಾವಿನ ಹಿಂದಿನ ಗಳಿಗೆಯಲ್ಲಿ ಅವನು ಮಾಡಿದ್ದು ಉಳಿದವರನ್ನು ಹೊರಗೆ ಕಳುಹಿಸುವ ಕೆಲಸ. ಪ್ರತಿಜ್ಞೆ ತನ್ನದು, ಪ್ರಾಣ ಅವರದು ಎಂಬ ವಿವೇಚನೆ ಆ ನಡೆಯಲ್ಲಿದೆ. ತನ್ನ ಮಾತಿಗೆ ತಾನು ಬದ್ಧನಾದರೂ ಆ ಮಾತಿನ ಸಾಲವನ್ನು ಬೇರೆಯವರಿಂದ ತೀರಿಸಲಿಲ್ಲ. ಆದ್ದರಿಂದ ವಿಜ್ನಾವನ್ನು ಕುರಿತ ಆಟವೊಂದು ಕೊನೆಯ ಬಿಲ್ಲೆಯ ನಾಶಕ್ಕೆ ಹೆಚ್ಚಿನ ಅಂಕ ನೀಡಿದರೆ ಅದು ವೀರತ್ವವನ್ನು ಗೌರವಿಸಿದಂತೆ ಕಂಡರೂ ಘಟನೆಗೆ ದ್ರೋಹ ಬಗೆದಂತೆಯೇ ಸರಿ. ಶರಣಾಗತಿ ಅಲ್ಲಿ ರಕ್ಷಣೆಯ ಭಂಗವಾಗಿರಲಿಲ್ಲ. ರಕ್ಷಣೆಯ ಕೊನೆಯ ಕರ್ತವ್ಯವಾಗಿತ್ತು.

ಇದಕ್ಕೆ ಎದುರಾಗಿ ನಿಲ್ಲುವ ಇನ್ನೊಂದು ನಿದರ್ಶನವನ್ನೂ ಪರಿಶೀಲಿಸಬೇಕು. ಅದೇ ವರ್ಷ ಸೆಪ್ಟೆಂಬರ್ 1ರಂದು ಡಾನ್ಜಿಗ್ ನಗರದ ಪೋಲಿಷ್ ಅಂಚೆ ಕಚೇರಿಯನ್ನು ಅಲ್ಲಿನ ನೌಕರರು ಸುಮಾರು ಹದಿನೈದು ಗಂಟೆಗಳ ಕಾಲ ರಕ್ಷಿಸಿದರು. ಕೊನೆಗೆ ಬಿಳಿಯ ಬಟ್ಟೆ ಹಿಡಿದು ಹೊರಬಂದ ಕಚೇರಿಯ ನಿರ್ದೇಶಕನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಸೆರೆಸಿಕ್ಕ 38 ಮಂದಿಯನ್ನು ಅಕ್ಟೋಬರ್ 5ರಂದು ಮರಣದಂಡನೆಗೆ ಗುರಿಪಡಿಸಲಾಯಿತು. ಈ ಘಟನೆಯನ್ನು ಆಧರಿಸಿ ಅಮೆರಿಕೆಯ ಡೇವಿಡ್ ಥಾಮ್ಸನ್ ರಚಿಸಿದ, ಒಬ್ಬರೇ ಆಡಬಹುದಾದ ಆಟ 2021ರಲ್ಲಿ ಪ್ರಕಟವಾಗಿದೆ. ‘ಅಂಚೆಯವರ ಸಮವಸ್ತ್ರದಲ್ಲಿದ್ದ ಸೈನಿಕರು’ ಎಂಬುದು ಅದರ ಹೆಸರಿನ ಅರ್ಥ. ಶರಣಾಗತಿಯ ಬೆಲೆ ಶರಣಾಗುವವನ ವಿವೇಕವನ್ನು ಮಾತ್ರ ಅವಲಂಬಿಸಿಲ್ಲ, ಎದುರಿಗಿರುವವನ ಮನುಷ್ಯತ್ವವನ್ನೂ ಅವಲಂಬಿಸಿದೆ ಎಂಬುದನ್ನು ಡಾನ್ಜಿಗ್ ತೋರಿಸಿಕೊಡುತ್ತದೆ. ಉಳಿದವರನ್ನು ಹೊರಗೆ ಕಳುಹಿಸುವಾಗ ರಗಿನಿಸ್‌ಗೆ ಅವರು ಬದುಕುವ ಖಾತ್ರಿಯೇನೂ ಇರಲಿಲ್ಲ.

ಈ ಪರಿಯ ಒಬ್ಬರೇ ಆಡುವ ಆಟಗಳಲ್ಲಿ ಕಾಣುವ ಒಂದು ಬೆಳವಣಿಗೆ ಮೇಲಿನ ಕೊರತೆಗೆ ಭಾಗಶಃ ಪರಿಹಾರ ಒದಗಿಸುತ್ತದೆ. ಇವುಗಳಲ್ಲಿ ಆಟಗಾರನು ರಕ್ಷಕರ ಪಕ್ಷವನ್ನೇ ವಹಿಸಬೇಕು. ಆಕ್ರಮಣವನ್ನು ಎಲೆಗಳು ಮತ್ತು ದಾಳಗಳು ನಡೆಸುತ್ತವೆ. ಥಾಮ್ಸನ್ ಸ್ಟಾಲಿನ್‌ಗ್ರಾಡ್‌ನ ಒಂದು ಕಟ್ಟಡದ ರಕ್ಷಣೆಯನ್ನು ಕುರಿತು ರಚಿಸಿದ ‘ಪಾವ್ಲೋವ್ಸ್ ಹೌಸ್’ (2018) ಆಟದಲ್ಲಿಯೂ ಇದೇ ಕ್ರಮವಿದೆ. ಅಲ್ಲಿ ಬಿಲ್ಲೆಯೊಂದು ನೂರಾರು ಜನರ ಪಡೆಯನ್ನಲ್ಲ, ಒಬ್ಬೊಬ್ಬ ಸೈನಿಕನನ್ನು ಪ್ರತಿನಿಧಿಸುತ್ತದೆ. ಬಿಲ್ಲೆಗೆ ಮನುಷ್ಯನ ಗುರುತು ಬಂದೊಡನೆ ಅದನ್ನು ಹಾಸಿನಿಂದ ಎತ್ತಿಡುವ ಕೈ ಒಂದು ಕ್ಷಣ ತಡೆಯುತ್ತದೆ. ಗಳಿಸಿದ ಪ್ರತಿಯೊಂದು ಸರದಿಯ ಎದುರು ಕಳೆದುಕೊಂಡ ಪ್ರಾಣಗಳನ್ನು ಬರೆದಿಡುವ, ಯಾವ ಗಳಿಗೆಯಲ್ಲಿ ಹೋರಾಟ ನಿಲ್ಲಿಸಬೇಕೆಂಬ ನಿರ್ಧಾರವನ್ನು ಆಟಗಾರನಿಗೇ ಬಿಡುವ, ಆ ನಿರ್ಧಾರದ ಫಲ ಮುಂಚಿತವಾಗಿ ತಿಳಿಯದಂತೆ ಇರಿಸುವ ನಿಯಮಗಳು ವಿಜ್ನಾದ ಅನುಭವಕ್ಕೆ ಹೆಚ್ಚು ಸಮೀಪವಾದಾವು.

7. ಸಮಾರೋಪ

ಯುದ್ಧವನ್ನು ಆಟವಾಗಿಸುವುದು ಯುದ್ಧವನ್ನು ಹಗುರಗೊಳಿಸುತ್ತದೆಯೆಂಬ ಆಕ್ಷೇಪ ಹೊಸದಲ್ಲ. ವೆಲ್ಸ್ ಇದಕ್ಕೆ ವಿರುದ್ಧವಾದ ನಿಲುವನ್ನು ತಳೆದಿದ್ದನು. ಮೇಜಿನ ಮೇಲಿನ ಸಣ್ಣ ಯುದ್ಧ ಎಷ್ಟು ಎಡವಟ್ಟಿನದೆಂದು ಕಂಡವನಿಗೆ ನಿಜವಾದ ದೊಡ್ಡ ಯುದ್ಧ ಎಂಥ ಮಹಾಪ್ರಮಾದವೆಂಬುದು ಅರ್ಥವಾಗುತ್ತದೆಂಬುದು ಅವನ ಪುಸ್ತಕದ ಕೊನೆಯ ಆಶಯ. ಪುಸ್ತಕ ಪ್ರಕಟವಾದ ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಟ ಯುದ್ಧವನ್ನು ತಡೆಯಲಾರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಆಟವು ಚರಿತ್ರೆಯನ್ನು ಓದುವ ಒಂದು ಕ್ರಮವಾಗಬಲ್ಲದು. ವಿಜ್ನಾದ ಸಂದರ್ಭದಲ್ಲಿ ಅದು ಮೂರು ಸಂಗತಿಗಳನ್ನು ಸ್ಪಷ್ಟಪಡಿಸುತ್ತದೆ. ಒಂದು, ಜನಪ್ರಿಯ ಅನುಪಾತವನ್ನು ನಕ್ಷೆಯ ಮೇಲೆ ಪರೀಕ್ಷಿಸಿದಾಗ ನದಿ, ಜೌಗು, ಕಾಂಕ್ರೀಟುಗಳ ಪಾತ್ರ ತಿಳಿಯುತ್ತದೆ. ಎರಡು, ವೀರಕಥನ ಮತ್ತು ಸೇನಾನಿಯ ಆತ್ಮಕಥನಗಳು ಪರಸ್ಪರ ಹೊರಗಿಡುವ ಕಾರಣಗಳು ಒಂದೇ ವಿಳಂಬದಲ್ಲಿ ಕೂಡಿಯೇ ಇದ್ದವೆಂಬುದು ಗೋಚರವಾಗುತ್ತದೆ. ಮೂರು, ಸೋಲು ನಿಶ್ಚಿತವಾದಲ್ಲಿ ಗೆಲುವನ್ನು ಕಾಲದಿಂದ ಅಳೆಯಬಹುದಾದರೂ ಆ ಅಳತೆ ಸಾಲದೆಂಬುದು ಮನವರಿಕೆಯಾಗುತ್ತದೆ. ಈ ಮೂರನೆಯ ಸಂಗತಿಯನ್ನು ಆಟ ತನ್ನ ಯಶಸ್ಸಿನಿಂದಲ್ಲ, ತನ್ನ ಕೊರತೆಯಿಂದ ಕಲಿಸುತ್ತದೆ.

ಚದುರಂಗದಲ್ಲಿ ಅರಸನು ಸಿಕ್ಕಿಬಿದ್ದರೆ ಆಟ ಮುಗಿಯಿತು. ಉಳಿದ ಕಾಯಿಗಳ ಗತಿಯೇನೆಂದು ಯಾರೂ ಕೇಳುವುದಿಲ್ಲ. ಹೆಲ್‌ವಿಗ್ ಅರಸನ ಜಾಗದಲ್ಲಿ ಕೋಟೆಯನ್ನಿಟ್ಟ ಮೇಲೂ ಆ ಪ್ರಶ್ನೆ ಹಾಗೆಯೇ ಉಳಿಯಿತು. ಗೂರಾ ಸ್ತ್ರೆಂಕೋವಾದ ಬಂಕರಿನಲ್ಲಿ 31 ವರ್ಷದ ಅಧಿಕಾರಿಯೊಬ್ಬನು ಕೇಳಿಕೊಂಡಿದ್ದು ಅದೇ ಪ್ರಶ್ನೆಯನ್ನು: ಕೋಟೆ ಬಿದ್ದ ಮೇಲೆ ಉಳಿದವರ ಗತಿಯೇನು? ಅವನು ಕಂಡುಕೊಂಡ ಉತ್ತರವನ್ನು ಒಳಗೊಳ್ಳದ ನಿಯಮಪುಸ್ತಿಕೆ ಎಷ್ಟೇ ನಿಖರವಾಗಿದ್ದರೂ ಅದು ವಿಜ್ನಾದ ನೆಲವನ್ನು ಚಿತ್ರಿಸೀತೇ ಹೊರತು ವಿಜ್ನಾವನ್ನಲ್ಲ.